ಕೋಲು ಬಿದ್ದರೆ ಐದು ಸೆಕೆಂಡು

ನಮ್ಮ ಚಂದಗಡ ಭಾಗದಾಗ ಜಾತ್ರಿ ಹತ್ತಿರ ಬಂತಂದರೆ ಪಟ್ಟಿ ಎತ್ತುವುದಕ್ಕಿಂತ ಮೊದಲು ಏಳುವ ಮಾತು ಶರ್ಯತ್ತಿನದು. ಯಾವ ಶರ್ಯತ್ತು ಇಡೋಣ, ಬಹುಮಾನ ಎಷ್ಟು, ಮೋಟಾರ್ ಸೈಕಲ್ ಯಾರು ಕೊಡುತ್ತಾರೆ. ನಾಟಕ ಯಾವುದು ಎಂಬ ಚರ್ಚೆ ಹಿಂದೆ ಸರಿದು ಬಹಳ ವರ್ಷ ಆದವು. ನಾಟಕ ಆಗಿದ್ದರೆ ಮರುದಿನ ವಾಚನಾಲಯದ ಕಟ್ಟೆಯ ಮೇಲೆ ಕುಂತು ಪಾತ್ರ ಹೆಂಗ ಮಾಡಿದ, ಹಾಡು ಎಲ್ಲಿ ತಪ್ಪಿತು ಎಂದು ನಾಲ್ಕು ಮಂದಿ ಒರೆಗೆ ಹಚ್ಚಿ ನೋಡುತ್ತಾರೆ. ಶರ್ಯತ್ತನ್ನು ಮಾತ್ರ ಯಾರೂ ಒರೆಗೆ ಹಚ್ಚುವುದಿಲ್ಲ. ಗೆದ್ದವ ಯಾರು ಎಂದು ಕೇಳಿ ಚಹಾ ಕುಡಿದು ಏಳುತ್ತಾರೆ. ಆದರೆ ಆಟಕ್ಕೂ ಕಟ್ಟಳೆ ಇರುತ್ತದೆ, ಅಳತೆ ಇರುತ್ತದೆ. ಯಾವುದನ್ನು ಮೆಚ್ಚಬೇಕು, ಯಾವುದಕ್ಕೆ ದಂಡ ಹಾಕಬೇಕು ಎಂದು ಯಾರೋ ಕುಂತು ಯೋಚಿಸಿ ಗೆರೆ ಕೊರೆದಿರುತ್ತಾರೆ. ಹಾಗಿದ್ದ ಮೇಲೆ ಅದನ್ನೂ ನಾಟಕದ ಹಾಗೆ ಓದಬಹುದಲ್ಲ? ಕುದುರೆಯ ಎರಡು ಬಗೆಯ ಆಟಗಳನ್ನು ಹಾಗೆ ಓದಲು ಇಲ್ಲಿ ಕುಂತಿದ್ದೇನೆ. ಒಂದು ನಮ್ಮ ಕಡೆಯ ಗಾಡಿ ಶರ್ಯತ್ತು. ಇನ್ನೊಂದು, ಕೋಲು ಡಬ್ಬಿ ಬಾವುಟ ನಿಲ್ಲಿಸಿ, ಗಡಿಯಾರ ಹಿಡಿದು ಮಕ್ಕಳು ದೊಡ್ಡವರು ಕುದುರೆ ಹತ್ತಿ ಮೋಜಿಗಾಗಿ ಆಡುವ ಸವಾರಿ ಆಟ. ಎರಡನೆಯದನ್ನು ನಾನು ಮೈದಾನದಲ್ಲಿ ನಿಂತು ಕಂಡವನಲ್ಲ. ಮೊಬೈಲಿನಾಗ ನೋಡಿದೆ, ಅದರ ನಿಯಮ ಓದಿದೆ. ಮೊದಲನೆಯದನ್ನು ಧೂಳು ಕುಡಿದು ನೋಡಿದ್ದೇನೆ.

ಗಾಡಿ ಶರ್ಯತ್ತಿನ ಬಗ್ಗೆ ಇಲ್ಲಿಯವರಿಗೆ ಹೇಳಬೇಕಿಲ್ಲ. ಶಿರೋಳ, ಹಾತಕಣಂಗಲೆ ಕಡೆ ಹೋಗಲಿ, ಚಿಕ್ಕೋಡಿ, ರಾಯಬಾಗ, ಕಾಗವಾಡ ಕಡೆ ಹೋಗಲಿ, ಅದೇ ಆಟ. ಜೋಡು ಎತ್ತಿನ ಗಾಡಿ, ಕುದುರೆ ಗಾಡಿ, ಮತ್ತೆ ಒಂದೇ ನೊಗಕ್ಕೆ ಒಂದು ಎತ್ತು ಒಂದು ಕುದುರೆ ಹೂಡುವ ಗಾಡಿ. ಈ ಮೂರನೆಯದನ್ನು ದೂರದ ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ಎತ್ತು ಹೆಗಲಿನಿಂದ ಎಳೆಯುವ ಪ್ರಾಣಿ, ಕುದುರೆ ಎದೆಯಿಂದ ಎಳೆಯುವ ಪ್ರಾಣಿ. ಎರಡರ ಹೆಜ್ಜೆ ಕೂಡುವುದಿಲ್ಲ. ಕೂಡಿಸಿ ಓಡಿಸುವುದೇ ಅದರ ಚಮತ್ಕಾರ ಎಂದು ಗಾಡಿಯವರು ಹೇಳುತ್ತಾರೆ. ಅದರಲ್ಲಿ ಸುಳ್ಳಿಲ್ಲ, ತಿಂಗಳುಗಟ್ಟಲೆ ಜೊತೆಗೆ ಕಟ್ಟಿ, ಜೊತೆಗೆ ಮೇಯಿಸಿ, ನಿಧಾನವಾಗಿ ನಡೆಸಿ ರೂಢಿ ಮಾಡಿಸುತ್ತಾರೆ. ಆದರೆ ಶರ್ಯತ್ತಿನ ದಿನ ಆ ತಿಂಗಳುಗಳ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣುವುದು ಚಾಬೂಕು, ಕೂಗು, ಹಿಂದೆ ಹಾರ್ನ್ ಹೊಡೆಯುತ್ತ ಬರುವ ಮೋಟಾರ್ ಸೈಕಲ್ಲುಗಳ ದಂಡು.

ಕೆಲವು ವರ್ಷದ ಹಿಂದೆ ಒಂದು ಜಾತ್ರಿಯಲ್ಲಿ ಕಂಡದ್ದು, ಊರ ಹೆಸರು ಬೇಡ. ಶರ್ಯತ್ತು ಡಾಂಬರು ರಸ್ತೆಯ ಮೇಲೇ ಇತ್ತು. ಎರಡನೆಯ ನಂಬರಿನಲ್ಲಿ ಬರುತ್ತಿದ್ದ ಗಾಡಿಯ ಕುದುರೆ ತಿರುವಿನಲ್ಲಿ ಜಾರಿ ಮುಂಗಾಲು ಮಡಚಿತು. ಬೀಳಲಿಲ್ಲ, ಎದ್ದು ಮತ್ತೆ ಓಡಿತು, ಎರಡನೆಯದಾಗಿಯೇ ಬಂತು. ಮಂದಿ ಕೇಕೆ ಹಾಕಿದರು. ಬಹುಮಾನದ ಸುತ್ತ ಗದ್ದಲ ನಡೆದಾಗ ಗಾಡಿಯವನ ಮಗ, ಹನ್ನೆರಡು ಹದಿಮೂರರ ಹುಡುಗ, ಕುದುರೆಯನ್ನು ಬೇವಿನ ಗಿಡದ ಬುಡಕ್ಕೆ ಒಯ್ದು ತನ್ನ ಅಂಗಿ ಬಿಚ್ಚಿ ನೀರಲ್ಲಿ ತೋಯಿಸಿ ಅದರ ಮೊಣಕಾಲು ಒರೆಸುತ್ತಿದ್ದ. ಕುದುರೆ ನಡುಗುತ್ತಿತ್ತು. ಅವ ಅದರ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳುತ್ತಿದ್ದ, ಅದು ಸ್ವಲ್ಪ ಸ್ವಲ್ಪವಾಗಿ ತಲೆ ಇಳಿಸಿತು. ನಾನು ಹತ್ತಿರ ಹೋದರೆ ಕುದುರೆ ಕಿವಿ ಹಿಂದಕ್ಕೆ ಒತ್ತಿತು. "ಅಲ್ಲೇ ನಿಂದ್ರರಿ ಸರ, ನಿಮ್ಮ ಗುರ್ತ ಇಲ್ಲ ಅದಕ್ಕ" ಅಂದ ಹುಡುಗ.

ಆವತ್ತಿನಿಂದ ಕೇಳಿಕೊಳ್ಳುತ್ತಿದ್ದೇನೆ: ಅಷ್ಟು ದೊಡ್ಡ ಜಾತ್ರಿಯಲ್ಲಿ ಆ ಹುಡುಗನಿಗೆ ಗೊತ್ತಿದ್ದಷ್ಟು ಕುದುರೆ ಮತ್ಯಾರಿಗೆ ಗೊತ್ತಿತ್ತು? ಅವನ ಆ ವಿದ್ಯೆಗೆ ಆ ಆಟದಲ್ಲಿ ಒಂದು ಅಂಕವಾದರೂ ಇತ್ತೇ?

ಶರ್ಯತ್ತಿನ ಮೇಲೆ ಹಿಂಸೆಯ ಮಾತು ಬಂದಾಗೆಲ್ಲ ನಾವು ಕೋರ್ಟಿನ ಕಡೆ ಕೈ ತೋರಿಸುತ್ತೇವೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಶರ್ಯತ್ತು ನಿಲ್ಲಿಸಿತು. 2017ರಲ್ಲಿ ಮಹಾರಾಷ್ಟ್ರ ಕಾನೂನು ತಿದ್ದಿತು, 2021ರ ಡಿಸೆಂಬರಿನಲ್ಲಿ ಶರ್ಯತ್ತಿಗೆ ಮತ್ತೆ ದಾರಿ ತೆರೆಯಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರರ ತಿದ್ದುಪಡಿಯನ್ನೂ ಎತ್ತಿಹಿಡಿಯಿತು. ಸರಿ. ಆದರೆ ಕೋರ್ಟು ಹೇಳಿದ್ದು ಆಡಬಹುದು ಎಂದು. ಆಟ ಚೊಲೋ ಐತಿ ಅಂತ ಹೇಳಿಲ್ಲ. ಅದನ್ನು ಹೇಳುವ ಕೆಲಸ ನೋಡುವ ಮಂದಿಯದು.

ನನ್ನ ತಕರಾರು ಆಟದ ರಚನೆಯ ಮೇಲೆ. ಎರಡು ಗಾಡಿ ಪಕ್ಕಪಕ್ಕ ಓಡಿ ಮೊದಲು ಮುಟ್ಟಿದವ ಗೆದ್ದ ಅನ್ನುವ ಆಟದಲ್ಲಿ ಗೆಲುವು ಎಲ್ಲಿಂದ ಬಂತು ಎಂಬುದೇ ತಿಳಿಯುವುದಿಲ್ಲ. ಪ್ರಾಣಿಯ ಶಕ್ತಿಯಿಂದಲೋ, ಹೊಡೆತದಿಂದಲೋ, ಪಕ್ಕದ ಗಾಡಿಗೆ ಅಡ್ಡ ಬಂದದ್ದರಿಂದಲೋ? ಅದಕ್ಕೇ ಪ್ರತಿ ಶರ್ಯತ್ತಿನ ಕೊನೆಗೆ ಜಗಳ. ನಮ್ಮ ಹಿರಿಯರಿಗೆ ಇದು ತಿಳಿಯದೇ ಇರಲಿಲ್ಲ. ಬೆಳಗಾವಿ, ಧಾರವಾಡ, ಹಾವೇರಿ ಕಡೆ ಖಾಲಿ ಗಾಡಾ ಓಡಿಸುವ ಸ್ಪರ್ಧೆ ಇದೆ: ಒಂದೊಂದೇ ಜೋಡಿ ಬರಬೇಕು, ಒಂದು ನಿಮಿಷ ಕೊಡುತ್ತಾರೆ, ಅಷ್ಟರಲ್ಲಿ ಎಷ್ಟು ಅಡಿ ಹೋಯಿತು ಎಂದು ಟೇಪು ಹಿಡಿದು ಅಳೆಯುತ್ತಾರೆ. ಬಾಗಲಕೋಟೆ ಕಡೆಯ ತೆರಬಂಡಿಯದೂ ಅದೇ ಬುದ್ಧಿ. ಚಕ್ರ ತಿರುಗದಂತೆ ಕಟ್ಟಿ, ವೇಳೆ ಹಿಡಿದು, ದೂರ ಅಳೆಯುವುದು. ಪಕ್ಕದವನಿಲ್ಲ, ಗಡಿಯಾರ ಮಾತ್ರ ಎದುರಾಳಿ. ಜಗಳ ಅರ್ಧಕ್ಕೆ ಇಳಿಯಿತು. ವೇಳೆ ಹಿಡಿದು ಆಡಿಸುವುದು ಅಂದರೆ ಏನೋ ಪರದೇಶದ್ದು ಅಂತ ತಿಳಿಯುವವರು ಇದನ್ನು ನೆನಪಿಡಬೇಕು. ಆದರೆ ಅಲ್ಲಿಯೂ ಗಡಿಯಾರ ಅಳೆಯುವುದು ಬಲವನ್ನೇ. ಹೊಡೆದಷ್ಟೂ ಅಡಿ ಹೆಚ್ಚು. ಪ್ರಾಣಿ ಮತ್ತು ಮನುಷ್ಯನ ನಡುವಿನ ತಿಳಿವಳಿಕೆ ಅಳತೆಗೆ ಸಿಗುವುದಿಲ್ಲ.

ಇಲ್ಲಿ ಕೋಲಿನ ಆಟ ಬೇರೆ ದಾರಿ ಹಿಡಿಯುತ್ತದೆ. ಅಮೆರಿಕದ ಕೋಲು ಸುತ್ತುವ ಆಟವನ್ನೇ ತೆಗೆದುಕೊಳ್ಳಿ. ಒಂದೇ ಸಾಲಿನಲ್ಲಿ ಆರು ಕೋಲು, ಒಂದರಿಂದ ಒಂದಕ್ಕೆ 21 ಅಡಿ. ಸವಾರ ಸಾಲಿನ ಪಕ್ಕದಿಂದ ನೆಟ್ಟಗೆ ಕೊನೆಯ ಕೋಲಿನ ತನಕ ಓಡಿಸಬೇಕು, ಅಲ್ಲಿ ತಿರುಗಿ ಒಂದು ಕೋಲಿನ ಎಡಕ್ಕೆ ಒಂದರ ಬಲಕ್ಕೆ ಹಾವಿನಂತೆ ಹೊಸೆದು ಮೊದಲ ಕೋಲಿಗೆ ಬರಬೇಕು, ಮತ್ತೆ ತಿರುಗಿ ಹಾಗೇ ಹೊಸೆದು ಕೊನೆಗೆ ಹೋಗಬೇಕು, ಅಲ್ಲಿಂದ ನೆಟ್ಟಗೆ ಮನೆಗೆ. ಪಳಗಿದವರು ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಾರೆ. ಕೋಲು ಬಿದ್ದರೆ, ಒಂದೊಂದಕ್ಕೆ ಐದು ಸೆಕೆಂಡು ದಂಡ. ದಾರಿ ತಪ್ಪಿದರೆ ಆ ಓಟ ಲೆಕ್ಕಕ್ಕೇ ಇಲ್ಲ. ಮೂರು ಪೀಪಾಯಿಗಳನ್ನು ತ್ರಿಕೋನವಾಗಿಟ್ಟು ಸುತ್ತುವ ಇನ್ನೊಂದು ಆಟವಿದೆ, ಅದಕ್ಕೂ ಅದೇ ಐದು ಸೆಕೆಂಡು.

ಇಪ್ಪತ್ತು ಸೆಕೆಂಡಿನ ಆಟದಲ್ಲಿ ಐದು ಸೆಕೆಂಡು ಅಂದರೆ ಕಾಲುಭಾಗ. ಆಟ ಕಟ್ಟಿದವನ ಜಾಣತನ ಇಲ್ಲಿದೆ ಅನ್ನಿಸುತ್ತದೆ ನನಗೆ. ಹುಚ್ಚೆದ್ದು ಓಡಿಸಿ ಎರಡು ಸೆಕೆಂಡು ಉಳಿಸಿದವ ಒಂದು ಕೋಲು ಕೆಡವಿದನೋ, ಮೂರು ಸೆಕೆಂಡು ಕಳಕೊಂಡ. ಚಾಬೂಕಿನ ಲಾಭವನ್ನು ದಂಡವೇ ನುಂಗಿ ಹಾಕುತ್ತದೆ. ಕುದುರೆ ಎಲ್ಲಿ ವೇಗ ಇಳಿಸಬೇಕು, ಯಾವ ಕಾಲಿನ ಮೇಲೆ ತಿರುಗಬೇಕು, ಸವಾರ ತನ್ನ ಮೈ ಭಾರ ಯಾವಾಗ ಯಾವ ಕಡೆ ಹಾಕಬೇಕು, ಇದೆಲ್ಲ ಕೂಡಿ ಬಂದರೆ ಮಾತ್ರ ಗಡಿಯಾರ ಒಲಿಯುತ್ತದೆ. ಬೇವಿನ ಗಿಡದ ಬುಡದಲ್ಲಿ ಆ ಹುಡುಗನ ಹತ್ತಿರ ಇದ್ದದ್ದು ಇದೇ ವಿದ್ಯೆಯ ಮೊದಲ ಪಾಠ. ಅದಕ್ಕೆ ಈ ಆಟದಲ್ಲಿ ಸೆಕೆಂಡಿನ ಬೆಲೆ ಇದೆ.

ಇಂಗ್ಲೆಂಡಿನಲ್ಲಿ ಇದೇ ಆಟಕ್ಕೆ ಇನ್ನೊಂದು ರೂಪ. ರಾಣಿ ಎಲಿಜಬೆತ್ ಅವರ ಪತಿ ಫಿಲಿಪ್ ಅವರು ಸಾಮಾನ್ಯ ಮನೆಯ ಮಕ್ಕಳು ತಮ್ಮ ಸಾಮಾನ್ಯ ತಟ್ಟುಗಳ ಮೇಲೆ ಆಡುವಂಥ ಪಂದ್ಯ ಬೇಕು ಎಂದು ಹೇಳಿದ್ದರಿಂದ 1957ರಲ್ಲಿ ಅವರ ಹೆಸರಿನ ಕಪ್ ಶುರುವಾಯಿತು. ಬೆಲೆಬಾಳುವ ಕುದುರೆ ಇಲ್ಲದವರಿಗಾಗಿ ಹುಟ್ಟಿದ ಆಟ ಎಂಬುದನ್ನು ಗಮನಿಸಬೇಕು. ಅಲ್ಲಿ ತಂಡ ತಂಡವಾಗಿ, ಒಬ್ಬರ ಹಿಂದೆ ಒಬ್ಬರು ರಿಲೇ ಓಟದ ಹಾಗೆ. ಕೋಲುಗಳ ನಡುವೆ ಹೊಸೆಯುವುದು, ಬಾವುಟ ಕಿತ್ತು ಇನ್ನೊಂದು ಕಡೆ ಸಿಕ್ಕಿಸುವುದು, ಚಮಚದಲ್ಲಿ ತತ್ತಿ ಹಿಡಿದು ಓಡಿಸುವುದು, ಚೀಲದಾಗ ಕಾಲಿಟ್ಟು ತಟ್ಟಿನ ಲಗಾಮು ಹಿಡಿದು ಕುಪ್ಪಳಿಸುವುದು. ನಮ್ಮ ಶಾಲೆಯ ಕ್ರೀಡಾದಿನದ ಲಿಂಬು–ಚಮಚ, ಚೀಲದ ಓಟ ಇದ್ದಂಗ, ಕುದುರೆ ಕೂಡಿಕೊಂಡಿದೆ ಅಷ್ಟೇ. ಚಾಬೂಕಿಗೂ ಮುಳ್ಳುಗಾಲಿಗೂ ಅಲ್ಲಿ ಅಪ್ಪಣೆ ಇಲ್ಲ. 128 ಸೆಂಟಿಮೀಟರ್ ಅಥವಾ ಅದಕ್ಕಿಂತ ಗಿಡ್ಡ ತಟ್ಟಿನ ಮೇಲೆ ಉಡುಪು ಸಹಿತ ಐವತ್ಮೂರುವರೆ ಕಿಲೋಕ್ಕಿಂತ ಹೆಚ್ಚು ತೂಗುವವರು ಕೂಡುವಂತಿಲ್ಲ. ಹುಡುಗ ಹುಡುಗಿಯರು ಒಂದೇ ತಂಡದಲ್ಲಿ. ನಮ್ಮ ಶರ್ಯತ್ತಿನ ಮೈದಾನದಲ್ಲಿ ಹೆಣ್ಣುಮಕ್ಕಳು ದೂರದ ಮಾಳಿಗೆಯ ಮೇಲೆ ನಿಂತು ನೋಡಿದರೆ ಅದೇ ಹೆಚ್ಚು.

ಶಾಲೆಯ ಗುರುಗಳಿಗೆ ಒಂದು ವಿಷಯ ವಿಶೇಷವಾಗಿ ಹೇಳಬೇಕು. ಅಮೆರಿಕದ ಆಟ ತಪ್ಪಿಗೆ ದಂಡ ಹಾಕಿ ಮುಂದೆ ಹೋಗು ಅನ್ನುತ್ತದೆ. ಇಂಗ್ಲೆಂಡಿನ ಆಟ ಹಿಂದೆ ಹೋಗಿ ತಿದ್ದಿಕೊಂಡು ಬಾ ಅನ್ನುತ್ತದೆ. ತತ್ತಿ ಬಿತ್ತೇ, ಕೆಳಗಿಳಿದು ಎತ್ತು, ಮತ್ತೆ ಹತ್ತು. ಬಾವುಟ ಬಿತ್ತೇ, ತಿರುಗಿ ಬಂದು ಸರಿಯಾಗಿ ಸಿಕ್ಕಿಸು. ತಿದ್ದದೆ ಬಂದರೆ ತಂಡವೇ ಹೊರಗೆ. ತಿದ್ದಲು ಎಷ್ಟು ಹೊತ್ತು ಹಿಡಿಯಿತೋ ಅದೇ ದಂಡ. ಒಂದು, ಉತ್ತರಪತ್ರಿಕೆಯ ಮೇಲೆ ಕೆಂಪು ಮಸಿಯಿಂದ ಅಂಕ ಕಡಿಯುವ ಪದ್ಧತಿ. ಇನ್ನೊಂದು, ತಪ್ಪಿದ ಶಬ್ದ ಮತ್ತೆ ಬರೆದು ತೋರಿಸು ಎಂಬ ಪದ್ಧತಿ. ನನಗೆ ಎರಡನೆಯದೇ ಹಿಡಿಸುತ್ತದೆ. ತಿದ್ದಿಕೊಳ್ಳುವಷ್ಟು ಹೊತ್ತು, ಸುತ್ತಲೂ ಗದ್ದಲ ಇದ್ದಾಗ, ತಟ್ಟು ಸುಮ್ಮನೆ ನಿಲ್ಲಬೇಕಲ್ಲ! ಓಡುವ ಕುದುರೆಯನ್ನು ಯಾರಾದರೂ ತಯಾರು ಮಾಡಿಯಾರು. ನಿಲ್ಲುವ ಕುದುರೆಯನ್ನು ತಯಾರು ಮಾಡುವುದು ಕಠಿಣ.

ಹಾಗಂತ ಈ ಆಟ ಪೂರ್ತಿ ತೊಳೆದ ಮುತ್ತೂ ಅಲ್ಲ. ಅಮೆರಿಕದಲ್ಲಿ ಪೀಪಾಯಿ ಸುತ್ತುವ ಆಟ ದೊಡ್ಡ ಬಹುಮಾನದ ಪಂದ್ಯವಾಗಿ ಬೆಳೆದಿದೆ. ಅಲ್ಲಿನ ಕೆಲವು ಓಟ ನೋಡಿದಾಗ, ತಿರುವಿನಲ್ಲಿ ಲಗಾಮು ಎಳೆದ ರಭಸಕ್ಕೆ ಕುದುರೆ ಬಾಯಿ ತೆರೆದು ಕತ್ತು ಮೇಲೆ ಎತ್ತುವುದು ಕಂಡು ನಮ್ಮ ಡಾಂಬರು ರಸ್ತೆಯೇ ನೆನಪಾಯಿತು. ಹಣ ಬಂದಲ್ಲಿ ಗಡಿಯಾರವೂ ಚಾಬೂಕಾಗುತ್ತದೆ. ಮೋಜಿನ ಆಟ ಮೋಜಾಗಿ ಉಳಿಯಬೇಕಾದರೆ ಬಹುಮಾನ ಸಣ್ಣದಿರಬೇಕು ಎಂದು ತೋರುತ್ತದೆ. ಇದನ್ನು ನಮ್ಮ ಜಾತ್ರಿ ಕಮಿಟಿ ಒಪ್ಪುವುದು ಬಿಸಿಲಿನಾಗ ಮಂಜು ಬಿದ್ದಂಗ.

ಇದು ಎಲ್ಲಿಯದೋ ಆಟ, ನಮಗ್ಯಾಕ ಅನ್ನುವವರಿಗೆ ಒಂದು ಶಬ್ದದ ಕಥೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಜಿಮಖಾನಾ ಅಂದರೆ ಆಟೋಟದ ವಿಭಾಗ, ಫೀ ಪಾವತಿಯಲ್ಲಿ ಜಿಮಖಾನಾ ಎಂದು ಒಂದು ಸಾಲು. ಒಳಗೆ ಹೋದರೆ ಒಂದು ಕೇರಂ ಬೋರ್ಡು, ಗಾಳಿ ಹೋದ ವ್ಹಾಲಿಬಾಲು. ಈ ಶಬ್ದ ಹುಟ್ಟಿದ್ದು ಈ ದೇಶದಲ್ಲೇ. ಚೆಂಡಿನ ಮನೆ ಎಂಬ ಅರ್ಥದ ಗೇಂದ್‌ಖಾನಾ ಇಂಗ್ರಜರ ಬಾಯಲ್ಲಿ ಹೀಗೆ ತಿರುಗಿತು ಎಂದು ಹಾಬ್ಸನ್–ಜಾಬ್ಸನ್ ಎಂಬ ಹಳೆಯ ನಿಘಂಟು ಊಹಿಸುತ್ತದೆ, 1861ರಲ್ಲಿ ರೂರ್ಕಿಯಲ್ಲಿ ಈ ಹೆಸರಿನದೊಂದು ಶುರುವಾಯಿತೆಂದೂ ಹೇಳುತ್ತದೆ. ದಂಡಿನ ಠಾಣ್ಯಗಳ ಆ ಜಿಮಖಾನಾಗಳಲ್ಲಿ ಕುದುರೆ ಮೇಲಿನ ಮೋಜಿನ ಪಂದ್ಯಗಳು ನಡೆಯುತ್ತಿದ್ದವು. ಇಂದಿಗೂ ಇಂಗ್ಲೆಂಡ್ ಅಮೆರಿಕದಲ್ಲಿ ಜಿಮಖಾನಾ ಅಂದರೆ ಇದೇ, ಕೋಲು ಸುತ್ತುವ ತತ್ತಿ ಹಿಡಿಯುವ ಕುದುರೆ ಆಟ. ಶಬ್ದ ಕುದುರೆ ಹತ್ತಿ ಅಲ್ಲಿಗೆ ಹೋಯಿತು, ನಮಗೆ ಕೇರಂ ಬೋರ್ಡು ಉಳಿಯಿತು.

ಕುದುರೆಯೂ ನಮಗೆ ಹೊಸದಲ್ಲ. ಪಾರಗಡ, ಕಲಾನಂದಿಗಡ, ಗಂಧರ್ವಗಡ, ಮಹಿಪಾಳಗಡ, ಒಂದೇ ತಾಲೂಕಿನಲ್ಲಿ ಇಷ್ಟು ಕೋಟೆ ಇದ್ದ ನೆಲ ಇದು. ಮರಾಠರ ದಂಡಿನ ಹೆಸರು ಎತ್ತರದ ಅರಬ್ಬಿ ಕುದುರೆಗಳಿಂದ ಬಂದದ್ದಲ್ಲ, ಭೀಮಾ ತೀರದ ಗಿಡ್ಡ ತಟ್ಟುಗಳಿಂದ ಬಂದದ್ದು. ಘಟ್ಟದ ದಾರಿಯಲ್ಲಿ ನೆಟ್ಟಗೆ ಓಡುವ ಕುದುರೆಯಿಂದ ಏನು ಉಪಯೋಗ? ಥಟ್ಟನೆ ನಿಲ್ಲುವ, ಇಕ್ಕಟ್ಟಿನಲ್ಲಿ ತಿರುಗುವ ಕುದುರೆ ಬೇಕು. ಆ ತಳಿಯ ತಟ್ಟುಗಳನ್ನು ಈಗಲೂ ಸುಗ್ಗಿಯ ನಂತರ ಧನಗರರ ಕುರಿ ಹಿಂಡಿನ ಜೊತೆ ನೋಡುತ್ತೇವೆ. ಬೆನ್ನ ಮೇಲೆ ಹಾಸಿಗೆ, ಪಾತ್ರೆ, ಕೋಳಿ, ಕೆಲವೊಮ್ಮೆ ಮರಿ. ಅವನ್ನು ತಂದು ಜಾತ್ರಿಯಲ್ಲಿ ಓಡಿಸಿ ಎಂದು ನಾನು ಹೇಳುತ್ತಿಲ್ಲ, ಅವು ಒಂದು ಮನೆಯನ್ನೇ ಹೊತ್ತು ನಡೆಯುತ್ತಿವೆ. ಧನಗರರ ಸಣ್ಣ ಹುಡುಗಿಯೊಬ್ಬಳು ಅಂಥ ತಟ್ಟನ್ನು ಬರಿ ಹಗ್ಗದಲ್ಲಿ, ಬರಿ ನಾಲಿಗೆಯ ಸದ್ದಿನಲ್ಲಿ ಕಾಲುವೆ ದಾಟಿಸುವುದನ್ನು ಕಂಡವರಿಗೆ ಸವಾರಿ ವಿದ್ಯೆ ಶಹರದ ಶಾಲೆಯಲ್ಲಿ ಮಾತ್ರ ಇದೆ ಎಂದು ಅನ್ನಿಸುವುದಿಲ್ಲ.

ಕನ್ನಡ ನಾಡಿನಲ್ಲಿ ಕುದುರೆಯ ಕೌಶಲವನ್ನು ಮಂದಿ ನೋಡುವುದು ಮೈಸೂರು ದಸರೆಯ ಪಂಜಿನ ಕವಾಯತಿನಲ್ಲಿ. ಅಶ್ವಾರೋಹಿ ಪೊಲೀಸರು ಓಡುವ ಕುದುರೆಯ ಮೇಲಿಂದ ನೇಜೆಯಲ್ಲಿ ನೆಲದ ಗೂಟ ಕೀಳುವ ಟೆಂಟ್ ಪೆಗ್ಗಿಂಗ್ ತೋರಿಸುತ್ತಾರೆ. ಗೂಟಕ್ಕೆ ಬೆಂಕಿ ಹಚ್ಚಿ ಕಿತ್ತಾಗ ಮೈ ಜುಮ್ಮೆನ್ನುತ್ತದೆ. ದೊಡ್ಡ ವಿದ್ಯೆ ಅದು. 1982ರ ದಿಲ್ಲಿ ಏಷ್ಯನ್ ಗೇಮ್ಸಿನಲ್ಲಿ ರೂಪಿಂದರ್ ಸಿಂಗ್ ಬ್ರಾರ್ ಅವರು ಇದರಲ್ಲೇ ಚಿನ್ನ ಗೆದ್ದರು. ಆದರೆ ಅದು ಸಿಪಾಯಿಗಳ ಆಟ, ನಾವು ಗ್ಯಾಲರಿಯಲ್ಲಿ ಕೂಡುವವರು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸಿನಲ್ಲಿ ಬೆಳ್ಳಿ ತಂದಾಗ ಹೆಮ್ಮೆಪಟ್ಟೆವು, ಆ ಕುದುರೆಯ ಬೆಲೆ ನಮ್ಮ ಊರಿನ ಹೊಲಗಳ ಬೆಲೆ ಎಂಬುದೂ ಗೊತ್ತಿತ್ತು. ಹಗ್ಗದಲ್ಲಿ ತಟ್ಟು ನಡೆಸುವ ಹುಡುಗಿಗೂ ದಸರೆಯ ನೇಜೆಗೂ ನಡುವೆ ಒಂದು ಮೆಟ್ಟಿಲೂ ಇಲ್ಲ. ಕೋಲಿನ ಆಟ ಆ ಮೆಟ್ಟಿಲು ಆಗಬಹುದಿತ್ತು ಎಂಬುದು ನನ್ನ ವಾದ.

ಈ ವಾದವನ್ನು ವಾಚನಾಲಯದಲ್ಲಿ ಹೇಳಿದಾಗ ಶರ್ಯತ್ತಿನ ಹಳೆಯ ಪಂಚರೊಬ್ಬರು ಎದ್ದು ನಿಂತರು. "ಮಾಸ್ತರ, ನೀವು ಹೇಳೂದು ಓದಾಕ ಚೊಲೋ ಐತಿ. ಜಾತ್ರಿಗೆ ಮಂದಿ ಬರೂದು ಧೂಳ ಏಳೂದ ನೋಡಾಕ. ಒಂದ ಕುದರಿ ಬಂದ ಕೋಲ ಸುತ್ತಿ ಹೋತಂದ್ರ ಯಾರ ನಿಂತ ನೋಡ್ತಾರ? ಇನ್ನ ಗಾಡಿ ಗೆದ್ರ ಕುದರಿ ರೇಟ ಏರತೈತಿ. ಕೋಲ ಸುತ್ತಿದ ಕುದರಿಗೆ ಯಾಂವ ರೊಕ್ಕಾ ಕೊಡತಾನ್ರಿ?"

ಎರಡನೆಯ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಟಾಂಗಾ ಹೋದ ಮೇಲೆ ಹಳ್ಳಿಯಲ್ಲಿ ಕುದುರೆ ಉಳಿದದ್ದೇ ಶರ್ಯತ್ತಿನಿಂದ, ಲಗ್ನದ ಮೆರವಣಿಗೆಯಿಂದ. ಮೇವು, ಹುರಳಿ, ನಾಲು, ಡಾಕ್ಟರ್ ಖರ್ಚು ಯಾರು ಕೊಡಬೇಕು? ಶರ್ಯತ್ತು ನಿಂತ ವರ್ಷಗಳಲ್ಲಿ ಕುದುರೆ ಮಾರಿದವರನ್ನು ನಾನು ಬಲ್ಲೆ. ಹೇಳಬಹುದಾದದ್ದು ಇಷ್ಟೇ: ಮಾತು ಕೇಳುವ, ಮಕ್ಕಳನ್ನು ಹೊರುವ ಕುದುರೆಗೂ ಗಿರಾಕಿ ಇದ್ದಾರೆ, ಮಹಾಬಳೇಶ್ವರ ಪಂಚಗಣಿಯಲ್ಲಿ ಅಂಥ ಕುದುರೆ ಮೇಲೇ ಸಂಸಾರ ನಡೆದಿವೆ. ಕಾಲು ಕೆಟ್ಟ ಶರ್ಯತ್ತಿನ ಕುದುರೆಯ ರೇಟು ಎಷ್ಟಕ್ಕೆ ಇಳಿಯುತ್ತದೆ ಎಂಬುದು ಪಂಚರಿಗೆ ನನಗಿಂತ ಚೆನ್ನಾಗಿ ಗೊತ್ತು.

ಮೊದಲನೆಯ ಮಾತನ್ನು ಮಾತ್ರ ಪರೀಕ್ಷೆ ಮಾಡಿ ನೋಡಿದೆವು. ಕುದುರೆ ಇರಲಿಲ್ಲ, ಸೈಕಲ್ ಇದ್ದವು. ಶಾಲೆಯ ಗ್ಯಾದರಿಂಗಿನ ದಿನ ಬಯಲಿನಲ್ಲಿ ಆರು ಬಿದಿರು ಕೋಲುಗಳನ್ನು ಮಣ್ಣು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿ, ಅದೇ 21 ಅಡಿ ಅಂತರ ಇಟ್ಟು, ಮೊಬೈಲಿನಾಗ ಸೆಕೆಂಡು ಹಿಡಿದು ಏಳನೆತ್ತೆಯ ಮಕ್ಕಳನ್ನು ಒಬ್ಬೊಬ್ಬರಾಗಿ ಬಿಟ್ಟೆವು. ಸೈಕಲ್ಲಿಗೆ ಅಂಜಿಕೆ ಇಲ್ಲ, ಹಟ ಇಲ್ಲ, ಅದರ ಕಿವಿಯಲ್ಲಿ ಏನೂ ಹೇಳಬೇಕಿಲ್ಲ. ಹಾಗಾಗಿ ಇದು ಅರ್ಧ ಪರೀಕ್ಷೆ. ಆದರೂ ಮೊದಲ ನಾಲ್ವರಲ್ಲಿ ಎಲ್ಲರಿಗಿಂತ ಜೋರಾಗಿ ತುಳಿದ ಹುಡುಗ ಎರಡು ಕೋಲು ಕೆಡವಿ ಕೊನೆಗೆ ಬಿದ್ದ. ನಿಧಾನವಾಗಿ ಹೊಸೆದು ಬಂದ ಹುಡುಗಿಯೊಬ್ಬಳು ಮುಂದೆ ಬಂದಳು. ಅಲ್ಲಿಂದ ಮಂದಿ ಕುರ್ಚಿ ಬಿಟ್ಟು ಗೆರೆಯ ಹತ್ತಿರ ಬಂದು ನಿಂತರು, ಪ್ರತಿ ಕೋಲಿಗೂ ಉಸಿರು ಹಿಡಿಯತೊಡಗಿದರು. ಕೊನೆಯ ಹುಡುಗ ದಾಟಿದ ಮೇಲೆ ಐದನೆಯ ಕೋಲು ತೂಗಾಡಿ ತೂಗಾಡಿ ಬಿತ್ತು. ಅವನ ಸೈಕಲ್ಲಿನ ಹ್ಯಾಂಡಲು ತಾಗಿತೋ ಇಲ್ಲವೋ ಎಂಬುದರ ಮೇಲೆ ದೊಡ್ಡ ಗದ್ದಲ ಎದ್ದಿತು. ಎಲ್ಲರ ದನಿಗಿಂತ ಮೇಲೆ ಕೇಳಿದ್ದು ಆ ಪಂಚರದೇ, ಮೊಮ್ಮಗನ ಪರವಾಗಿ: "ಐದ ಸೆಕೆಂಡ ಹಾಕಬ್ಯಾಡ್ರಿ ಮಾಸ್ತರ, ಅದು ಗಾಳಿಗೆ ಬಿದ್ದೈತಿ!"